ಕೆಂಚನ ಕಿವಿ

ಹಯಗ್ರೀವರಾಯರ ಹಿತ್ತಲಿನಲ್ಲಿ ಬೆಳೆದು ದೊಡ್ಡದಾದ ಕೆಂಚನಿಗೆ ಆ ಮನೆಯ ಒಳಗೆ ಏನಿದೆ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ.

ಅದನ್ನು ತಂದವಳು ರಾಯರ ತಂಗಿ ಅಂಬುಜಮ್ಮ. ಅವಳು ತಮಿಳುನಾಡಿಗೆ ಸೇರಿದ ಹೊಸೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ವಿಭಾಗದ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಒಂದು ಸಂಜೆ ಶಾಲೆ ಬಿಟ್ಟು ಬರುವಾಗ, ಸಂತೆ ಕಳೆದ ಬಯಲಿನಿಂದ ಕೆಂಚು ಬಣ್ಣದ ನಾಯಿಮರಿಯೊಂದು ಅವಳ ಸೀರೆಯ ಅಂಚಿಗೆ ಮೂಗು ತಾಗಿಸಿಕೊಂಡು ಅವಲಪಲ್ಲಿಯ ಮನೆಯವರೆಗೂ ನಡೆದು ಬಂತು. ಎರಡು ಸಲ ಬೆದರಿಸಿದಳು, ಹೋಗಲಿಲ್ಲ. ಮೂರನೆಯ ಸಲ ಬೆದರಿಸಲು ಅವಳಿಗೇ ಮನಸ್ಸು ಬರಲಿಲ್ಲ.

ಆ ಮನೆಯಲ್ಲಿ ಏನನ್ನಾದರೂ ತಂದು ಇಟ್ಟುಕೊಳ್ಳುವ ಹಕ್ಕು ತನಗಿದೆ ಎಂದು ಅಂಬುಜಮ್ಮ ಎಂದೂ ಭಾವಿಸಿದವಳಲ್ಲ. ಮದುವೆಯಾಗಿ ಕೃಷ್ಣಗಿರಿಗೆ ಹೋದ ಸ್ವಲ್ಪ ಕಾಲಕ್ಕೇ ಗಂಡ ಕಾಮಾಲೆಯಿಂದ ತೀರಿಕೊಂಡಿದ್ದ. ಒಂದು ಟ್ರಂಕು ಹಿಡಿದು ಮರಳಿ ಬಂದವಳನ್ನು ಅಣ್ಣ ಒಂದು ಮಾತೂ ಆಡದೆ ಒಳಗೆ ಕರೆದುಕೊಂಡಿದ್ದರು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರೇ ಓಡಾಡಿ ಅವಳನ್ನು ಟೀಚರ್ ಟ್ರೈನಿಂಗಿಗೆ ಸೇರಿಸಿದರು, ಕೆಲಸ ಸಿಗುವ ಹಾಗೆ ಮಾಡಿದರು. ಆ ಋಣ ಅವಳ ತಲೆಯ ಮೇಲೆ ಸದಾ ಇರುತ್ತಿತ್ತು. ಅತ್ತಿಗೆ ತುಳಸಮ್ಮನಿಗೆ ಮಡಿ ಹೆಚ್ಚು, ಬಾಯಿ ಕಡಿಮೆ. ಮನೆಯಲ್ಲಿ ಜಗಳ ಎನ್ನುವುದು ಇರಲಿಲ್ಲ.

ಮರಿಯನ್ನು ನೋಡಿ ರಾಯರು ಹೇಳಿದ್ದು ಇಷ್ಟೇ: "ಹಿತ್ತಲಲ್ಲಿ ಇರಲಿ ಅಂಬುಜಾ. ಹೊಸಿಲು ದಾಟಬಾರದು. ದೇವರ ಮನೆ ಇರೋ ಮನೆ."

ದಾಟದಂತೆ ಕಲಿಸಿದವರೂ ಅವರೇ. ಮರಿ ಹಿಂಬಾಗಿಲಿನ ಹೊಸಿಲ ಮೇಲೆ ಮುಂಗಾಲು ಇಟ್ಟಾಗಲೆಲ್ಲ ಸೌದೆಯ ಚಕ್ಕೆಯಿಂದ ಮೂತಿಯ ಮೇಲೆ ಒಂದು ಏಟು ಬೀಳುತ್ತಿತ್ತು. ಏಟು ಜೋರಾಗಿಯೇನೂ ಇರುತ್ತಿರಲಿಲ್ಲ, ಆದರೆ ತಪ್ಪುತ್ತಲೂ ಇರಲಿಲ್ಲ. ಸ್ವಲ್ಪ ದಿನಕ್ಕೆ ಕೆಂಚ ಹೊಸಿಲಿನಿಂದ ಒಂದು ಗೇಣು ಹಿಂದೆಯೇ ಕೂತು ಬಾಲ ಅಲ್ಲಾಡಿಸುವುದನ್ನು ಕಲಿತಿತು. ಸದ್ಯ, ಇನ್ನು ಇದನ್ನು ಯಾರೂ ಓಡಿಸುವುದಿಲ್ಲ ಎಂದು ಅಂಬುಜಮ್ಮನಿಗೆ ಆಗ ನೆಮ್ಮದಿಯೇ ಆಗಿತ್ತು.

ಹಿತ್ತಲು ಆಗ ದೊಡ್ಡದಾಗಿತ್ತು. ಒಂದು ಸೀಬೆ ಮರ, ಬಟ್ಟೆ ಒಗೆಯುವ ಕಲ್ಲು, ಅದರಾಚೆ ಬೇಲಿ, ಬೇಲಿಯಾಚೆ ರಾಗಿ ಹೊಲ. ಕೆಂಚ ಕಟ್ಟಿಲ್ಲದೆ ತಿರುಗಾಡಿಕೊಂಡಿತ್ತು. ಸಂಜೆ ಶಾಲೆ ಬಿಡುವ ಹೊತ್ತಿಗೆ ರಸ್ತೆಯ ತಿರುವಿಗೆ ಹೋಗಿ ಕೂರುತ್ತಿತ್ತು. ದೂರದಲ್ಲಿ ಅವಳ ಕೊಡೆ ಕಂಡರೆ ಎದ್ದು ಮೈ ಕೊಡವಿಕೊಂಡು, ಹತ್ತಿರ ಬರುವವರೆಗೆ ಕಾದು, ಮುಂದೆ ಮುಂದೆ ನಡೆಯುತ್ತಿತ್ತು. ಅವಳು ಬಂದಳೆಂದು ಬೇರೆ ಯಾರೂ ಎದ್ದು ನಿಲ್ಲುತ್ತಿರಲಿಲ್ಲ.

ಹೊಸೂರಿನಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಬಂದವು. ಕರ್ನಾಟಕದ ಕಡೆಯಿಂದ ಕೆಲಸಕ್ಕೆ ಬಂದ ಜನ ಬಾಡಿಗೆಗೆ ಒಂದು ರೂಮು ಸಿಕ್ಕರೆ ಸಾಕು ಎಂದು ಮನೆ ಮನೆ ಸುತ್ತುತ್ತಿದ್ದರು. ಪಿಂಚಣಿಗೆ ಹತ್ತಿರವಾಗಿದ್ದ ರಾಯರು ಎಂಬತ್ತೊಂದನೇ ಇಸವಿಯಲ್ಲಿ ಹಿತ್ತಲಿನ ಉದ್ದಕ್ಕೆ ಶೀಟು ಹೊದಿಸಿದ ರೂಮುಗಳ ಒಂದು ಸಾಲು ಕಟ್ಟಿಸಿದರು. ಎಲ್ಲ ರೂಮಿಗೂ ಸೇರಿ ಒಂದೇ ಕಕ್ಕಸು, ಒಂದೇ ಬಚ್ಚಲು. ಚರಂಡಿ ಆ ಬೀದಿಗೆ ಬಂದಿರಲಿಲ್ಲ. ಇವತ್ತು ಬರುತ್ತೆ ನಾಳೆ ಬರುತ್ತೆ ಎಂದು ಹೇಳುತ್ತಲೇ ಇದ್ದರು. ಅಲ್ಲಿಯವರೆಗೆ ಇರಲಿ ಎಂದು ತೋಡಿದ ಗುಂಡಿ ಮೊದಲ ಮಳೆಗೇ ತುಂಬಿ, ಬಚ್ಚಲ ನೀರು ಸೀಬೆ ಮರದ ಬುಡದವರೆಗೆ ಬಂದು ಕಪ್ಪಗೆ ನಿಂತಿತು.

ಅಲ್ಲಿಂದ ನೊಣ ಶುರುವಾಯಿತು.

ಬಾಡಿಗೆಯವರು ಬಂದುಹೋಗುವ ದಾರಿ ಹಿತ್ತಲಲ್ಲೇ ಇದ್ದುದರಿಂದ ಕೆಂಚನನ್ನು ಕಟ್ಟಬೇಕಾಯಿತು. ಒಗೆಯುವ ಕಲ್ಲಿನ ಪಕ್ಕದ ಗೂಟಕ್ಕೆ ಒಂದು ಸರಪಳಿ. ಬಿಟ್ಟಿದ್ದಾಗ ನೊಣ ಮುತ್ತಿದರೆ ಎದ್ದು ಹೊಲಕ್ಕೆ ಓಡುತ್ತಿದ್ದ ನಾಯಿಗೆ ಈಗ ಗೂಟದ ಸುತ್ತ ಸುತ್ತುವುದನ್ನು ಬಿಟ್ಟರೆ ದಾರಿ ಇರಲಿಲ್ಲ. ಬೆಳಗಾದರೆ ಕಿವಿಯ ತುದಿಗೆ ನೊಣ ಕರಿಸಾಸಿವೆ ಅಂಟಿಸಿದ ಹಾಗೆ ಕೂರುತ್ತಿತ್ತು. ಕೆಂಚ ತಲೆ ಕೊಡವಿದರೆ ಏಳುತ್ತಿತ್ತು, ನಿಲ್ಲಿಸಿದರೆ ಮತ್ತೆ ಅಲ್ಲೇ ಕೂರುತ್ತಿತ್ತು. ಕಚ್ಚಿ ಕಚ್ಚಿ ಕಿವಿಯ ಅಂಚು ಒಡೆಯಿತು. ಕೊಡವಿದಾಗ ಸಿಡಿದ ರಕ್ತದ ಹನಿ ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಸಾಲಾಗಿ ಬಿದ್ದವು. ಸಂಜೆ ನೊಣ ಹೋದರೆ ಗುಂಡಿಯಿಂದ ಸೊಳ್ಳೆ ಏಳುತ್ತಿತ್ತು. ಹೊಟ್ಟೆಯ ಕೂದಲಿಲ್ಲದ ಜಾಗದಲ್ಲೆಲ್ಲ ಗಂಧೆ. ರಾತ್ರಿಯೆಲ್ಲ ಸರಪಳಿಯ ಸದ್ದು ಅಂಬುಜಮ್ಮನ ಕಿಟಕಿಗೆ ಕೇಳುತ್ತಿತ್ತು.

ಅವಳು ಅವರಿವರಿಂದ ಕೇಳಿದ್ದನ್ನೆಲ್ಲ ಮಾಡಿದಳು. ಬೇವಿನ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಕಿವಿಗೆ ಹಚ್ಚಿದಳು. ಅದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಆಮೇಲೆ ಕೆಂಚ ಮುಂಗಾಲಿನಿಂದ ಉಜ್ಜಿ ಉಜ್ಜಿ ಎಣ್ಣೆ ತೆಗೆದು ಮಣ್ಣು ಮೆತ್ತಿಕೊಳ್ಳುತ್ತಿತ್ತು. ಶಾಲೆಯಿಂದ ಬರುವಾಗ ಬೇಲಿಸಾಲಿನಲ್ಲಿ ಲಕ್ಕಿಸೊಪ್ಪು ಮುರಿದು ತಂದು, ಹರಕು ಬಾಣಲೆಯಲ್ಲಿ ಕೆಂಡ ಹಾಕಿ ಹೊಗೆ ಹಾಕಿದಳು. ಹೊಗೆ ರೂಮುಗಳೊಳಗೆ ನುಗ್ಗಿ ಬಾಡಿಗೆಯವರು ಕೆಮ್ಮಿದರು. ಮಡಿ ಸೀರೆಗೆ ವಾಸನೆ ಹಿಡಿಯುತ್ತದೆಂದು ತುಳಸಮ್ಮ ಹಿಂಬಾಗಿಲು ಮುಚ್ಚಿಕೊಂಡಳು. ಅಂಬುಜಮ್ಮ ಗುಂಡಿಗೆ ಫಿನಾಯಿಲ್ ಸುರಿದಳು. ಮಲೇರಿಯಾದವರು ಪಂಪು ಹೊತ್ತು ಬಂದಾಗ, ಕೆಂಚನ ಹತ್ತಿರದ ಗೋಡೆಗೂ ಹೊಡೆಯಿರಪ್ಪ ಎಂದು ಕೇಳಿಕೊಂಡಳು. ಹೊಡೆದು ಹೋದರು. ಮರುದಿನ ಆ ಬಿಳಿ ಕಲೆಯ ಮೇಲೆಯೇ ನೊಣ ನಡೆದಾಡುತ್ತಿದ್ದವು.

ಸಾಲಿನ ಕೊನೆಯ ರೂಮಿನಲ್ಲಿ ಮರಿಸ್ವಾಮಿ ಎಂಬವನಿದ್ದ. ಚನ್ನಪಟ್ಟಣದ ಕಡೆಯ ಹಳ್ಳಿಯವನು, ಕಾರ್ಖಾನೆಯೊಂದರಲ್ಲಿ ಹೆಲ್ಪರ್. ಇನ್ನೂ ಮದುವೆಯಾಗಿರಲಿಲ್ಲ. ರಾತ್ರಿ ಪಾಳಿ ಇದ್ದಾಗ ಹಗಲೆಲ್ಲ ರೂಮಿನಲ್ಲಿರುತ್ತಿದ್ದ. ಸರಪಳಿಯ ಸದ್ದಿಗೆ ಅವನಿಗೂ ನಿದ್ದೆ ಬರುತ್ತಿರಲಿಲ್ಲವೇನೋ. ಒಂದು ಭಾನುವಾರ ಅಂಬುಜಮ್ಮ ಎಣ್ಣೆ ಹಚ್ಚುತ್ತಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಟೀಚರಮ್ಮ, ಎಣ್ಣೆ ಬಳುದ್ರೆ ಇದು ನಿಲ್ಲಾಕಿಲ್ಲ. ಇದುನ್ನ ಒಳಗಡೆ ಇಕ್ಕೊಬೇಕು."

"ಒಳಗೆ ಆಗಲ್ಲ ಮರಿಸ್ವಾಮಿ."

ಅವನು ಮನೆಯ ಹಿಂಬಾಗಿಲ ಕಡೆ ನೋಡಿದ. "ಹಂಗಾರೆ ಇದಕ್ಕೇ ಒಂದು ಮನೆ ಮಾಡಾನ ಬುಡಿ" ಎಂದ.

ಮುಂದಿನ ವಾರ ಕಾರ್ಖಾನೆಯಲ್ಲಿ ಮಾರಿದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ. ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿಯನ್ನು ಅಂಬುಜಮ್ಮ ಪೇಟೆಯಿಂದ ತಂದಳು. ಎರಡು ಭಾನುವಾರ ಕೂತು ಅವನು ಒಂದು ಗೂಡು ಮಾಡಿದ. ನಾಲ್ಕು ಕಡೆಯೂ ಜಾಲರಿ, ಮೇಲೆ ಹಲಗೆ, ಹಲಗೆಯ ಮೇಲೆ ಟಾರ್ ಶೀಟು, ಬಾಗಿಲಿಗೆ ಕೆಳಗಿನವರೆಗೂ ಇಳಿಬಿದ್ದ ಎರಡು ಪದರದ ಗೋಣಿತಾಟು. ಕೆಂಚ ಒಳಗೆ ಹೋಗಲು ಒಪ್ಪಲಿಲ್ಲ. ಬಾಗಿಲು ಎಂದರೆ ಅದಕ್ಕೆ ಭಯ. ಕೊನೆಗೆ ಮರಿಸ್ವಾಮಿಯೇ ಕೈಯಲ್ಲೊಂದು ಬನ್ನು ಹಿಡಿದು ಗೂಡಿನೊಳಗೆ ತೂರಿ, ಸೊಂಟದವರೆಗೆ ಸಿಕ್ಕಿಕೊಂಡು, ಹಿಂದಕ್ಕೂ ಬರಲಾರದೆ ಮುಂದಕ್ಕೂ ಹೋಗಲಾರದೆ ಕೂಗಿಕೊಂಡ. ಅಂಬುಜಮ್ಮ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಅಡಿಗೆಮನೆಯ ಕಿಟಕಿಯಲ್ಲಿ ತುಳಸಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಅವಳಿಗೆ ಕಾಣಲಿಲ್ಲ.

ಮೂರು ನಾಲ್ಕು ದಿನಕ್ಕೆ ಕೆಂಚ ತಾನಾಗಿಯೇ ಗೋಣಿತಾಟನ್ನು ತಲೆಯಿಂದ ತಳ್ಳಿ ಒಳಗೆ ಹೋಗಿ ಮಲಗತೊಡಗಿತು. ನೊಣಗಳು ಜಾಲರಿಯ ಹೊರಗೆ ಗುಂಯ್‌ಗುಡುತ್ತಿದ್ದವು. ಕಿವಿಯ ಗಾಯ ಒಣಗಿ, ಹಕ್ಕಳೆ ಬಿದ್ದು, ಮೆಲ್ಲಗೆ ಕೂದಲು ಮೂಡಿತು. ರಾತ್ರಿ ಸರಪಳಿಯ ಸದ್ದು ನಿಂತಿತು. ಸಂಜೆ ಅವಳು ಕಟ್ಟು ಬಿಚ್ಚಿ ರಸ್ತೆಯ ತಿರುವಿನವರೆಗೆ ನಡೆಸಿಕೊಂಡು ಹೋಗಿ ಬರುತ್ತಿದ್ದಳು. ಬರುವ ಹೊತ್ತಿಗೆ ಮರಿಸ್ವಾಮಿ ಪಾಳಿಗೆ ಹೊರಡುತ್ತಿದ್ದರೆ ಎರಡು ಮಾತು. ಅವನ ತಾಯಿಯ ಕಾಲುನೋವು, ಊರಿನಲ್ಲಿ ಅವನು ಸಾಕಿದ್ದ ನಾಯಿ, ತಮಿಳು ಇನ್ನೂ ಬಾಯಿಗೆ ಬಾರದ ಕಷ್ಟ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಅದರಲ್ಲಿ ಮಾತಿಗಿಂತ ಹೆಚ್ಚಿನದು ಏನೂ ಇರಲಿಲ್ಲ.

ಆದರೆ ನಲ್ಲಿಯ ಹತ್ತಿರ ನೀರಿಗೆ ಬಂದವರು ಬೇರೆ ಮಾತಾಡಿಕೊಂಡರು. ಅದು ತುಳಸಮ್ಮನ ಕಿವಿಗೆ ಬಿತ್ತು, ತುಳಸಮ್ಮನಿಂದ ರಾಯರಿಗೆ ಹೋಯಿತು. ಒಂದು ಬೆಳಿಗ್ಗೆ ಅಂಬುಜಮ್ಮ ಶಾಲೆಗೆ ಹೊರಟಾಗ ರಾಯರು ಪಂಚಾಂಗದಿಂದ ತಲೆ ಎತ್ತದೆ ಹೇಳಿದರು:

"ಅಂಬುಜಾ, ಕೊನೇ ರೂಮಿನವನು ಈ ತಿಂಗಳಿಗೆ ಖಾಲಿ ಮಾಡ್ತಾನೆ."

ಅವಳು ಚಪ್ಪಲಿಗೆ ಕಾಲು ತೂರಿಸುತ್ತಿದ್ದವಳು ನಿಂತಳು. "ಯಾಕಣ್ಣ? ಬಾಡಿಗೆ ಸರಿಯಾಗಿ ಕೊಡ್ತಿದ್ದನಲ್ಲ."

"ಕೊಡ್ತಿದ್ದ." ರಾಯರು ಹಾಳೆ ತಿರುವಿದರು. "ಒಳ್ಳೆ ಹುಡುಗನೇ. ಸಂಸಾರಸ್ಥರು ಇದ್ದರೆ ಮನೆಗೂ ಗೌರವ ಅಂತ ನಿಮ್ಮತ್ತಿಗೆ ಅಂದಳು. ನನಗೂ ಹೌದು ಅನ್ನಿಸ್ತು."

ಏನು ಹೇಳಿದರೂ ಅವರು ಹೇಳದೆ ಬಿಟ್ಟ ಮಾತನ್ನು ತಾನೇ ಬಾಯಿಂದ ಹೊರಗೆ ಹಾಕಿದಂತಾಗುತ್ತದೆ. ಕೊಡೆ ತೆಗೆದುಕೊಂಡು ಹೊರಟುಹೋದಳು. ತಿಂಗಳ ಕೊನೆಗೆ ಶಾಲೆಯಿಂದ ಬಂದಾಗ ಕೊನೆಯ ರೂಮಿಗೆ ಬೀಗ ಬಿದ್ದಿತ್ತು. ಗೂಡಿನ ಮುಂದೆ ಅರ್ಧ ತಿಂದ ಒಂದು ಬನ್ನು ಇತ್ತು.

ಆ ರೂಮಿಗೆ ತುಮಕೂರಿನ ಕಡೆಯ ಗಂಡಹೆಂಡತಿ ಬಂದರು. ಜೊತೆಗೆ ಮೂರು ತಿಂಗಳ ಕೂಸು. ಬಂದ ವಾರದೊಳಗೆ ಕೂಸಿನ ಮುಖವೆಲ್ಲ ಸೊಳ್ಳೆ ಕಚ್ಚಿ ಕೆಂಪಾಯಿತು. ಆ ಹುಡುಗಿ ಜಲಜಮ್ಮ ರಾಯರ ಮುಂದೆ ನಿಂತು, ಕಿಟಕಿಗೆ ಜಾಲರಿ ಹಾಕಿಸಿಕೊಡಿ ಎಂದು ಅತ್ತುಕೊಂಡು ಕೇಳಿದಳು. ರಾಯರಿಗೆ ಹಿತ್ತಲಲ್ಲೇ ಜಾಲರಿ ಕಂಡಿತು.

ಅಂಬುಜಮ್ಮ ಬಂದಾಗ ಬಡಗಿ ಗೂಡಿನಿಂದ ಜಾಲರಿಯನ್ನು ಮೊಳೆಸಮೇತ ಕಿತ್ತು, ಸೋಪುನೀರಿನಲ್ಲಿ ತೊಳೆದು, ಕೊನೆಯ ರೂಮಿನ ಕಿಟಕಿಗೆ ಹೊಡೆಯುತ್ತಿದ್ದ. ಕೆಂಚ ಬರೀ ಹಲಗೆಯ ಚೌಕಟ್ಟಿನೊಳಗೆ ಕೂತು ಅವನ ಸುತ್ತಿಗೆಯನ್ನೇ ನೋಡುತ್ತಿತ್ತು.

"ಕೂಸು ಇರೋ ಮನೆ ಅಂಬುಜಾ" ಎಂದರು ರಾಯರು, ಅವಳು ಏನೂ ಕೇಳುವ ಮೊದಲೇ. "ನಿನಗೆ ಬೇರೆ ತಂದುಕೊಡ್ತೀನಿ."

ಅವಳು ಕಿಟಕಿಯ ಕಡೆ ನೋಡಿದಳು. ಒಳಗೆ ಜಲಜಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೀಸಣಿಗೆಯಿಂದ ಬೀಸುತ್ತಿದ್ದಳು. ಕೂಸಿನ ರೆಪ್ಪೆ ಊದಿಕೊಂಡಿತ್ತು. ಇದಕ್ಕೆ ಬೇಡ ಎನ್ನುವುದು ಹೇಗೆ? "ಹೂಂ ಅಣ್ಣ" ಎಂದಳು. ಬೇರೆ ಜಾಲರಿಯ ಮಾತು ಆಮೇಲೆ ಬರಲಿಲ್ಲ. ಅವಳೇ ತಂದು ಹೊಡೆಸಬಹುದಿತ್ತು. ಆದರೆ ಆ ಗೂಡಿನ ಹತ್ತಿರ ಸುತ್ತಿಗೆ ಹಿಡಿದು ಯಾರನ್ನಾದರೂ ಕೂರಿಸಿದರೆ ನಲ್ಲಿಯ ಹತ್ತಿರ ಮತ್ತೆ ಏನು ಹೇಳುತ್ತಾರೋ ಎಂದು ಕೈ ಬರಲಿಲ್ಲ. ಹಳೆಯ ಸೀರೆಯೊಂದನ್ನು ಹರಿದು ಚೌಕಟ್ಟಿಗೆ ಸುತ್ತ ಕಟ್ಟಿದಳು. ಗಾಳಿಗೆ ಬಿಚ್ಚಿಕೊಂಡಿತು. ಮತ್ತೆ ಕಟ್ಟಿದಳು. ಮಳೆಗೆ ನೆಂದು ಕೊಳೆಯಿತು.

ಶ್ರಾವಣದ ಜಡಿಮಳೆಯಲ್ಲಿ ಗುಂಡಿ ಉಕ್ಕಿ ಹಿತ್ತಲೆಲ್ಲ ಕೊಚ್ಚೆಯಾಯಿತು. ಕೆಂಚನ ಎಡಗಿವಿ ಮತ್ತೆ ಒಡೆಯಿತು. ಈ ಸಲ ಬುಡದಲ್ಲಿ. ಕೆಂಚ ತಲೆ ಓರೆಮಾಡಿಕೊಂಡು ನಿಲ್ಲತೊಡಗಿತು. ಹತ್ತಿರ ಹೋದರೆ ವಾಸನೆ. ಅಂಬುಜಮ್ಮ ಕೂದಲು ಸರಿಸಿ ನೋಡಿದಾಗ ಗಾಯ ಒಳಗೊಳಗೇ ಮಿಸುಕಿತು. ಅವಳು ಎದ್ದು ಹೋಗಿ ಸೀಬೆ ಮರ ಹಿಡಿದುಕೊಂಡು ವಾಂತಿ ಮಾಡಿಕೊಂಡು, ಬಾಯಿ ತೊಳೆದುಕೊಂಡು, ಮತ್ತೆ ಬಂದು ಕೂತಳು.

ಸೀತಾಫಲದ ಎಲೆ ಅರೆದು ರಸ ಹಿಂಡಿದಳು. ಟರ್ಪೆಂಟೈನ್ ಹತ್ತಿಯಲ್ಲಿ ಅದ್ದಿ ಇಟ್ಟು, ಹೊರಬಂದ ಹುಳುಗಳನ್ನು ಮುಳ್ಳು ತೆಗೆಯುವ ಚಿಮಟದಿಂದ ತೆಗೆದಳು. ಕೆಂಚ ನಡುಗುತ್ತಿತ್ತು, ಆದರೆ ಅವಳ ಕೈಗೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಶಾಲೆಗೆ ಹೋಗಿ ಬರುವಷ್ಟರಲ್ಲಿ ನೊಣಗಳು ಮತ್ತೆ ಮೊಟ್ಟೆಯಿಟ್ಟಿರುತ್ತಿದ್ದವು. ಬಟ್ಟೆ ಕಟ್ಟಿದರೆ ಕೆಂಚ ಕಾಲಿನಿಂದ ಕಿತ್ತುಹಾಕುತ್ತಿತ್ತು.

ರಜೆಯ ದಿನ ತಲೆಗೆ ಒದ್ದೆ ಟವೆಲ್ ಹೊದಿಸಿ ದನದ ಆಸ್ಪತ್ರೆಗೆ ನಡೆಸಿಕೊಂಡು ಹೋದಳು. ಡಾಕ್ಟರು ಎಳೆಯ ವಯಸ್ಸಿನ ತಮಿಳಿನವನು, ಮರ್ಯಾದಸ್ಥ. ಗಾಯವನ್ನು ತೊಳೆದು, ಔಷಧಿ ತುಂಬಿ, ಇಂಜೆಕ್ಷನ್ ಕೊಟ್ಟ.

"ಉಳ್ಳೆ ವೈಯುಂಗಮ್ಮಾ" ಎಂದ. ಒಳಗೆ ಇಡಿ ಅಮ್ಮ. ಅವಳಿಗೆ ತಿಳಿಯಲಿಲ್ಲವೇನೋ ಎಂದು ಅರೆಬರೆ ಕನ್ನಡದಲ್ಲಿ ಮತ್ತೆ ಹೇಳಿದ: "ಮನೆ ಒಳಗೆ, ಕತ್ತಲೆ ರೂಮು. ನೊಣ ಕೂರಬಾರದು. ಹತ್ತು ದಿವಸ ಕೂರಲಿಲ್ಲ ಅಂದ್ರೆ ಆಗತ್ತೆ. ಹೊರಗೆ ಇಟ್ಟರೆ ನಾನು ಏನು ಕೊಟ್ಟರೂ ವೇಸ್ಟು. ಹುಳ ಮೂಳೆವರೆಗೆ ಹೋಗ್ತಾ ಇದೆ."

ಅಂದು ರಾತ್ರಿ ಊಟವಾದ ಮೇಲೆ ಅಂಬುಜಮ್ಮ ಅಣ್ಣನ ಮುಂದೆ ನಿಂತಳು. ಟ್ರೈನಿಂಗಿಗೆ ಸೇರಿಸಿದಾಗಲೂ ಅವಳಾಗಿ ಏನನ್ನೂ ಕೇಳಿದವಳಲ್ಲ.

"ಅಣ್ಣ, ಉಗ್ರಾಣದಲ್ಲಿ ಹತ್ತು ದಿನ ಇಟ್ಕೊಳ್ಳಲಾ? ಹಿಂಬಾಗಿಲಿನಿಂದ ಎರಡೇ ಹೆಜ್ಜೆ. ನಡುಮನೆಗೆ ಬರಲ್ಲ. ದಿನಾ ಸಗಣಿ ಹಾಕಿ ಸಾರಿಸ್ತೀನಿ."

ರಾಯರು ಅವಳ ಕಡೆ ತಿರುಗಿದರು. "ನಿನಗೆ ಇಲ್ಲ ಅಂತ ನಾನು ಯಾವತ್ತಾದರೂ ಅಂದಿದೀನಾ ಅಂಬುಜಾ?"

"ಇಲ್ಲಣ್ಣ."

"ಉಗ್ರಾಣದಲ್ಲಿ ಅಪ್ಪನ ತಿಥಿಗೆ ತೆಗೆದಿಟ್ಟ ಅಕ್ಕಿ, ಬೇಳೆ ಎಲ್ಲ ಇದೆ. ಹುಳ ಬಿದ್ದ ನಾಯಿ. ಹೇಗೆ ಹೂಂ ಅನ್ನಲಿ, ನೀನೇ ಹೇಳು."

ತುಳಸಮ್ಮ ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತಿದ್ದಳು. "ಯಾವುದಾದರೂ ರೂಮು ಖಾಲಿ ಇದ್ದಿದ್ದರೆ ಕೊಡಬಹುದಾಗಿತ್ತು" ಎಂದಳು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಅವಳಿಗೂ ನಾಯಿಯ ಮೇಲೆ ಕನಿಕರವಿತ್ತು. ಆ ಕನಿಕರ ಹಿಂಬಾಗಿಲಿನವರೆಗೆ ಮಾತ್ರ.

ಮರುದಿನ ಶಾಲೆ ಮುಗಿಸಿ ಅಂಬುಜಮ್ಮ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ ಕಂಡ ಮನೆಯ ಬಾಗಿಲು ತಟ್ಟಿದಳು. ಮನೆಯಾಕೆ ಅವಳನ್ನು ಕೂರಿಸಿ ನೀರು ಕೊಟ್ಟು ವಿಚಾರಿಸಿದಳು.

"ಎಷ್ಟು ಜನ ಇರ್ತೀರಿ?"

"ನಾನೊಬ್ಬಳೇ. ಒಂದು ನಾಯಿ ಇದೆ."

"ಯಜಮಾನರು?"

"ಇಲ್ಲ."

"ಹಯಗ್ರೀವರಾಯರ ತಂಗಿ ಅಲ್ವಾ ನೀವು?" ಮನೆಯಾಕೆ ಬೆರಗಾಗಿ ಕೇಳಿದಳು. "ಅಷ್ಟು ದೊಡ್ಡ ಮನೆ ಇಟ್ಕೊಂಡು ನಾಯಿಗೋಸ್ಕರ ಮನೆ ಬಿಡ್ತೀರಾ?" ಆಮೇಲೆ ನಕ್ಕಳು. ತಮಾಷೆಗೆ ಕೇಳುತ್ತಿದ್ದಾರೆ ಎಂದೇ ಆಕೆ ತಿಳಿದಳು. ಅಂಬುಜಮ್ಮನೂ ಸ್ವಲ್ಪ ನಕ್ಕು ಎದ್ದು ಬಂದಳು.

ಆ ವಾರದ ಕೊನೆಗೆ ರಾಯರೂ ತುಳಸಮ್ಮನೂ ಸಂಬಂಧಿಕರ ಮದುವೆಗೆಂದು ಕೃಷ್ಣಗಿರಿಗೆ ಹೋದರು. ಮದುವೆ ಮನೆಗಳಿಗೆ ಅಂಬುಜಮ್ಮ ಹೋಗುತ್ತಿರಲಿಲ್ಲ. ಅವರು ಹತ್ತಿದ ಬಸ್ಸು ಹೊರಟ ಮೇಲೆ ಮನೆಗೆ ಬಂದು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಉಗ್ರಾಣದ ಡಬ್ಬಗಳನ್ನೆಲ್ಲ ನಡುಮನೆಗೆ ಸಾಗಿಸಿದಳು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದಳು. ನೆಲಕ್ಕೆ ಗೋಣಿಚೀಲ ಹಾಸಿದಳು. ಅಣ್ಣ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಯೋಚಿಸಲಿಲ್ಲ. ಏನಾದರೂ ಆಗಲಿ ಎಂದು ಬದುಕಿನಲ್ಲಿ ಮೊದಲ ಸಲ ಅನ್ನಿಸಿತ್ತು.

ಹಿತ್ತಲಿಗೆ ಹೋಗಿ ಸರಪಳಿ ಬಿಚ್ಚಿದಳು. ಕೆಂಚ ಎದ್ದಿತು. ಊಟ ಬಿಟ್ಟು ಎರಡು ದಿನವಾಗಿತ್ತು, ಹಿಂಗಾಲು ತೂಗಾಡುತ್ತಿತ್ತು. ಆದರೂ ಅವಳ ಹಿಂದೆ ಬಂತು. ಹಿಂಬಾಗಿಲಿನವರೆಗೆ ಬಂದು, ಹೊಸಿಲಿನಿಂದ ಒಂದು ಗೇಣು ಹಿಂದೆ ನಿಂತಿತು.

"ಬಾ ಕೆಂಚ."

ಅದು ಬಾಲ ಅಲ್ಲಾಡಿಸಿತು. ಕೂತಿತು.

"ಬಾರೋ. ಯಾರೂ ಇಲ್ಲ. ಯಾರೂ ಹೊಡೆಯಲ್ಲ ಬಾರೋ."

ಅವಳು ಒಳಗೆ ಕೂತು ಕೈ ಚಾಚಿದಳು. ಹಾಲನ್ನದ ತಟ್ಟೆಯನ್ನು ಹೊಸಿಲ ಒಳಗೆ ಇಟ್ಟಳು. ಕೆಂಚ ಕತ್ತು ಚಾಚಿ ಮೂಸಿ, ಮತ್ತೆ ಕತ್ತು ಹಿಂದಕ್ಕೆ ತೆಗೆದುಕೊಂಡಿತು. ಕೊನೆಗೆ ಅವಳು ಹೊರಗೆ ಬಂದು ಅದರ ಎದೆಯ ಕೆಳಗೆ ಕೈ ಹಾಕಿ ಎತ್ತಿ ಒಳಗೆ ಹಾಕಲು ನೋಡಿದಳು. ಮುಂಗಾಲು ಹೊಸಿಲಿಗೆ ತಾಗಿದ್ದೇ ತಡ, ಕೆಂಚ ಅವಳು ಎಂದೂ ಕೇಳದಿದ್ದ ದನಿಯಲ್ಲಿ ಕಿರುಚಿತು. ಕಣ್ಣು ಬಿಗಿಯಾಗಿ ಮುಚ್ಚಿ, ಏಟಿಗೆ ಕಾಯುವಂತೆ ಮೂತಿ ಕೆಳಗೆ ಮಾಡಿ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಅವಳ ಸೀರೆ ನೆಂದಿತು. ಕೊನೆಯ ರೂಮಿನ ಬಾಗಿಲಲ್ಲಿ ಜಲಜಮ್ಮ ಕೂಸನ್ನು ಎತ್ತಿಕೊಂಡು ನಿಂತು ನೋಡುತ್ತಿದ್ದಳು.

ಅಂಬುಜಮ್ಮ ಕೈ ಬಿಟ್ಟಳು. ಕೆಂಚ ತೆವಳಿಕೊಂಡು ಗೂಟದ ಹತ್ತಿರ ಹೋಗಿ, ಸರಪಳಿ ಇಲ್ಲದಿದ್ದರೂ ಅಲ್ಲೇ ಮಲಗಿತು. ಅವಳು ಹೊಸಿಲ ಮೇಲೆ ಕೂತು ಅತ್ತಳು. ಆ ಸೌದೆಯ ಚಕ್ಕೆ ನೆನಪಾಗಿ ಅತ್ತಳೋ, ಅದು ಬೀಳುವಾಗ ಸದ್ಯ ಎಂದುಕೊಂಡದ್ದು ನೆನಪಾಗಿ ಅತ್ತಳೋ ಅವಳಿಗೇ ತಿಳಿಯಲಿಲ್ಲ.

ಸಂಜೆಯಾಗುವ ಮೊದಲು ತನ್ನ ಮಂಚದ ಸೊಳ್ಳೆಪರದೆಯನ್ನು ಬಿಚ್ಚಿ ತಂದಳು. ಎರಡು ಮೂಲೆಯನ್ನು ಸೀಬೆ ಮರಕ್ಕೆ, ಎರಡನ್ನು ಬಟ್ಟೆ ಒಣಹಾಕುವ ತಂತಿಗೆ ಕಟ್ಟಿ, ಅಂಚಿನ ಮೇಲೆ ಕಲ್ಲು ಹೇರಿ, ನಾಯಿಯ ಜೊತೆಗೆ ತಾನೂ ಒಳಗೆ ಕೂತಳು. ಜಲಜಮ್ಮ ಬಂದು ಪರದೆಯ ಹೊರಗೆ ನಿಂತಳು.

"ಅಮ್ಮಾ, ಒಳಕ್ಕೆ ಹೋಗಿ. ಮಳೆ ಬತ್ತೈತೆ."

"ಇರ್ತೀನಮ್ಮ. ಕೂಸನ್ನ ಒಳಗೆ ಕರ್ಕೊಂಡು ಹೋಗು, ಸೊಳ್ಳೆ ಇದೆ."

ಜಲಜಮ್ಮ ಹೋಗಿ ಒಂದು ಹಳೆಯ ಕೊಡೆ ತಂದು ಪರದೆಯ ಕೆಳಗಿನಿಂದ ತಳ್ಳಿದಳು. ಪರದೆಯೊಳಗೆ ಮೊದಲೇ ಸೇರಿಕೊಂಡಿದ್ದ ನೊಣಗಳನ್ನು ಅಂಬುಜಮ್ಮ ಕೈಯಿಂದ ಹೊಡೆಯುತ್ತಾ ಕೂತಳು. ಕೆಂಚನ ತಲೆ ಅವಳ ತೊಡೆಯ ಮೇಲಿತ್ತು. ಬಿಸಿಯಾಗಿತ್ತು. ಕಿವಿಯ ಸುತ್ತ ಬೀಸಣಿಗೆ ಬೀಸುತ್ತಲೇ ಅವಳಿಗೆ ಯಾವಾಗಲೋ ಜೊಂಪು ಹತ್ತಿತು. ಬೆಳಕು ಹರಿದು ಕಣ್ಣು ಬಿಟ್ಟಾಗ ಪರದೆಯ ಒಂದು ಮೂಲೆ ಕಳಚಿ ಬಿದ್ದಿತ್ತು. ನೊಣಗಳು ಕೆಂಚನ ಕಣ್ಣಿನ ಮೇಲೆ ಕೂತಿದ್ದವು, ಕೆಂಚ ರೆಪ್ಪೆ ಅಲ್ಲಾಡಿಸಲಿಲ್ಲ.

ಮಧ್ಯಾಹ್ನ ಮದುವೆಯಿಂದ ಬಂದ ರಾಯರು ಹಿತ್ತಲಿಗೆ ಬಂದು ನೋಡಿ, "ಅಯ್ಯೋ ಪಾಪ" ಎಂದರು. ನಿಜವಾಗಿಯೇ ಅವರ ದನಿ ಇಳಿದಿತ್ತು. ಆಳೊಬ್ಬನನ್ನು ಕರೆಸಿ ಬೇಲಿಯಾಚೆ ಗುಂಡಿ ತೋಡಿಸಿದರು, ಮಣ್ಣು ಮುಚ್ಚುವವರೆಗೂ ನಿಂತಿದ್ದರು, ಆಮೇಲೆ ಸ್ನಾನಕ್ಕೆ ಹೋದರು. ನಡುಮನೆಯಲ್ಲಿ ಸಾಲಾಗಿ ಇಟ್ಟಿದ್ದ ಉಗ್ರಾಣದ ಡಬ್ಬಗಳನ್ನು ಕಂಡು ತುಳಸಮ್ಮ ಎಲ್ಲವನ್ನೂ ಅರ್ಥಮಾಡಿಕೊಂಡಳು. ಬೈಯಲಿಲ್ಲ. ಒಂದೊಂದನ್ನೇ ಒರೆಸಿ ಒಳಗೆ ಇಟ್ಟಳು. ಅಕ್ಕಿಯನ್ನು ಮಾತ್ರ ಬಾಡಿಗೆಯವರಿಗೆ ಕೊಟ್ಟು, ತಿಥಿಗೆ ಬೇರೆ ತರಿಸಿದಳು.

ಅದಾದ ಮೇಲೆ ಮನೆಯಲ್ಲಿ ನಾಯಿಯ ಮಾತು ಯಾರೂ ಎತ್ತಲಿಲ್ಲ. ಅಂಬುಜಮ್ಮ ಎಂದಿನಂತೆ ಶಾಲೆಗೆ ಹೋದಳು, ಬಂದಳು. ರಸ್ತೆಯ ತಿರುವಿನಲ್ಲಿ ಕೊಡೆಯನ್ನು ಮುಂದಕ್ಕೆ ಬಾಗಿಸಿ ನೆಲ ನೋಡಿಕೊಂಡು ನಡೆಯುತ್ತಿದ್ದಳು.

ದೀಪಾವಳಿ ಕಳೆದು ಚಳಿ ಶುರುವಾದ ಒಂದು ದಿನ, ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಗೇಟಿನ ಹತ್ತಿರ ಮರಿಸ್ವಾಮಿ ನಿಂತಿದ್ದ. ಈಗ ಬೇರಿಕೆ ಎಂಬ ಊರಿನ ಕಡೆ ರೂಮು ಮಾಡಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದನಂತೆ. ಹೆಗಲಿನ ಬಟ್ಟೆಚೀಲ ಅಲ್ಲಾಡುತ್ತಿತ್ತು.

"ಇಸ್ಯ ಗೊತ್ತಾಯ್ತು ಟೀಚರಮ್ಮ. ಜಲಜಮ್ಮನ ಗಂಡ ಹೇಳ್ದ, ನಮ್ ಫ್ಯಾಕ್ಟ್ರೀಲೇ ಅವ್ನೆ." ಚೀಲದ ಬಾಯಿ ಬಿಚ್ಚಿದ. ಒಳಗಿನಿಂದ ಕಪ್ಪು ಮರಿಯೊಂದು ತಲೆ ಹೊರಗೆ ಹಾಕಿ ಬಿಸಿಲಿಗೆ ಕಣ್ಣು ಕಿರಿದು ಮಾಡಿತು. "ನಮ್ ಓನರ್ ಮನೇಲಿ ನಾಯಿ ಈದೈತೆ. ಎಣ್ಣು ಮರಿ ಅಂತ ಯಾರೂ ತಕೊಳಕಿಲ್ಲ. ನಿಮ್ಗೆ ಕೊಡಾನ ಅಂತ ತಂದೆ."

ಮರಿಯ ಕಿವಿ ತೆಳ್ಳಗೆ, ಇಡಿಯಾಗಿ ಇತ್ತು. ಅಂಬುಜಮ್ಮ ಒಂದು ಬೆರಳಿನಿಂದ ಅದನ್ನು ಮುಟ್ಟಿದಳು. ಮರಿ ಬೆರಳನ್ನು ಚೀಪತೊಡಗಿತು.

"ಎಲ್ಲಿ ಇಟ್ಕೊಳ್ಳಲಿ ಮರಿಸ್ವಾಮಿ?"

"ಹಿತ್ತಲಲ್ಲೇ..." ಎಂದವನು ಅವಳ ಮುಖ ನೋಡಿ ನಿಲ್ಲಿಸಿದ. "ನಾನು ಬಂದು ಗೂಡಿಗೆ ಜಾಲ್ರಿ ಒಡ್ಕೊಡ್ತೀನಿ."

"ನೀನು ಆ ಮನೆಗೆ ಬರಬೇಡ" ಎಂದಳು ಅವಳು. ಒರಟಾಗಿ ಹೇಳಿಬಿಟ್ಟೆನೆಂದು ಗೊತ್ತಾಗಿ, "ಬರೋದು ಬೇಡಪ್ಪ" ಎಂದು ಮತ್ತೆ ಹೇಳಿದಳು. "ಬೇರೆ ಯಾರಿಗಾದರೂ ಕೊಡು. ಒಳಗೆ ಇಟ್ಕೊಳ್ಳೋರಿಗೆ ಕೊಡು."

"ನಮ್ ಕಡೆ ಯಾರು ಒಳಗಿಕ್ಕತಾರೆ ಟೀಚರಮ್ಮ."

ಅವಳು ಬೆರಳನ್ನು ಮರಿಯ ಬಾಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಮರಿಸ್ವಾಮಿ ಚೀಲದ ಬಾಯಿ ಸಡಿಲವಾಗಿ ಕಟ್ಟಿಕೊಂಡು, "ಬತ್ತೀನಿ ಟೀಚರಮ್ಮ" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಗಂಟೆ ಹೊಡೆದರು. ಅಂಬುಜಮ್ಮ ನಲ್ಲಿಯಲ್ಲಿ ಕೈ ತೊಳೆದುಕೊಂಡು ತರಗತಿಗೆ ಹೋದಳು. ಕನ್ನಡ ವಿಭಾಗದಲ್ಲಿ ಆ ವರ್ಷ ಎರಡೇ ಬೆಂಚು ತುಂಬುವಷ್ಟು ಮಕ್ಕಳಿದ್ದರು. ಅವರು ಎದ್ದು ನಿಂತು ನಮಸ್ಕಾರ ಹೇಳಿದರು. ಅವಳು ಕೂರಿ ಎಂದಳು.